ಪೂಜೆಯ ದಿನದ ಕರೆಂಟು

ಬನಹಟ್ಟಿಯಲ್ಲಿ ನಮ್ಮ ಪಡಸಾಲೆಯೇ ನಮ್ಮ ಮನೆಯವರ ಕಾರ್ಖಾನೆ. ನನ್ನ ಗಂಡ ಮಗ್ಗದ ಕೆಲಸ ಬಿಟ್ಟು, ಕರೆಂಟಿನ ವೋಲ್ಟು ಅಳೆಯುವ ಮುಳ್ಳಿನ ಮೀಟರು ರಿಪೇರಿ ಮಾಡಲು ಕೂತಿದ್ದರು. ನಾನು ಅದೇ ಪಡಸಾಲೆಯ ಮೂಲೆಯಲ್ಲಿ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಮನೆ ನಡೆಯುತ್ತಿದ್ದುದು ಆ ಮೂಲೆಯಿಂದಲೇ.

ಜಮಖಂಡಿಯ ಅಂಗಡಿಯವನೊಬ್ಬ ಆರು ಮೀಟರು ಕೊಟ್ಟಿದ್ದ. "ಇವು ಬರೋಬರಿ ಆದ್ರ ನಮ್ಮ ಅಂಗಡಿ ಕೆಲಸೆಲ್ಲಾ ನಿಮಗ. ಇಲ್ಲಂದ್ರ ಮತ್ತ ಮಗ್ಗಕ್ಕ ಹೋಗ್ರಿ ಮಿಸ್ತ್ರಿ" ಎಂದಿದ್ದನಂತೆ. ದಸರೆ ಮುಗಿದು ಅಂಗಡಿ ತೆರೆಯುವ ಹೊತ್ತಿಗೆ ಬೇಕು. ಬಿಟ್ಟ ಮಗ್ಗಕ್ಕೆ ಮತ್ತೆ ಹೋಗುವುದೆಂದರೆ ಓಣಿಯವರೆಲ್ಲ ನಗುತ್ತಾರೆಂದು ಇವರಿಗೆ ಜೀವ ಹೋದಷ್ಟು ಅಂಜಿಕೆ.

ಮೀಟರಿನ ಡಿಸಿ ನೋಡಲು ಹೊಸ ಬ್ಯಾಟರಿ ಶೆಲ್ಲು ಸಾಕು. ಎಸಿಗೆ, ಅಂದರೆ ತಂತಿಯಲ್ಲಿ ಬರುವ ಕರೆಂಟಿಗೆ, ತಾಳೆ ಹಿಡಿಯಲು ಒಳ್ಳೆಯ ಮೀಟರು ನಮ್ಮಲ್ಲಿರಲಿಲ್ಲ. ಮನೆಯ ಕರೆಂಟು ಇನ್ನೂರಾ ಮೂವತ್ತು ವೋಲ್ಟು ಎಂದು ಪುಸ್ತಕದಲ್ಲಿದೆಯಂತೆ. ಅದನ್ನೇ ತೂಕದ ಕಲ್ಲು ಮಾಡಿಕೊಂಡು, ಮುಳ್ಳು ಅಲ್ಲಿಗೆ ಬರುವ ತನಕ ಒಳಗಿನ ಸಣ್ಣ ಸ್ಕ್ರೂ ತಿರುವುತ್ತಿದ್ದರು. ಅಲ್ಲಿಯವರೆಗೆ ಬಂದ ಗಿರಾಕಿಗಳು ಮುಳ್ಳು ಅಲುಗಾಡಿದರೆ ಸಾಕು ಅನ್ನುವವರು.

ಮುಂದೂಡಿ ಮುಂದೂಡಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಎಸಿಗೆ ಕೈ ಹಾಕಿದರು. ಊರಿನ ಕರೆಂಟು ಮಗ್ಗಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ನಿಂತಿದ್ದವು. ದಿನಾ ಬೀಡಿಯ ತುದಿಯಂತೆ ಕೆಂಪಗಿರುವ ನಮ್ಮ ಬಲ್ಬು ಅಂದು ಕಣ್ಣು ಕುಕ್ಕುತ್ತಿತ್ತು.

"ಪೂಜಿ ಆದ ಸಾಮಾನು ಇವತ್ತ ಮುಟ್ಟಬಾರದ್ರಿ. ಆ ಬಲ್ಬರ ನೋಡ್ರಿ, ಹೆಂಗ ಉರಿಯಾಕತ್ತೈತಿ" ಎಂದೆ.

"ನೀ ಹೋಳಿಗಿ ಮಾಡ ಹೋಗ. ಕರೆಂಟಿಗೆ ಎಲ್ಲಿ ಪಂಚಾಂಗ ಲೇ?"

ಸ್ಕ್ರೂಡ್ರೈವರಿನ ವಿಭೂತಿ ಒರೆಸಿ ಆರೂ ಮೀಟರು ಮುಗಿಸಿದರು. ಮೀಟರಿಗೊಂದರಂತೆ ಆರು ಹೋಳಿಗೆ ತಿಂದರು.

ಅಂಗಡಿ ತೆರೆದ ದಿನ ಮೀಟರಿನ ಚೀಲ ಹೊತ್ತು ಜಮಖಂಡಿ ಬಸ್ಸು ಹತ್ತಿದವರು ಮಧ್ಯಾಹ್ನ ಅದೇ ಚೀಲ ಹೊತ್ತು ಬಂದರು. ಅಂಗಡಿಯವನ ಮೀಟರು ಇನ್ನೂರು ತೋರಿಸಿದರೆ ನಮ್ಮ ಆರೂ ನೂರಾ ಎಪ್ಪತ್ತೈದು ತೋರಿಸಿದವಂತೆ. "ಆರೂ ಕೂಡಿ ಒಂದೇ ಸುಳ್ಳು ಹೇಳ್ತಾವಲ್ರಿ! ಛಲೋ ಪಾಠ ಮಾಡೀರಿ" ಎಂದು ನಕ್ಕು, ತಾಳೆ ನೋಡಲು ತನ್ನ ಮೀಟರನ್ನೇ ಕೊಟ್ಟು ಒಂದು ದಿನದ ವಾಯಿದೆ ಹಾಕಿದ್ದ.

ಅಷ್ಟೊತ್ತಿಗೆ ಊರಿನ ಮಗ್ಗಗಳು ಶುರುವಾಗಿ ಬಲ್ಬು ಮತ್ತೆ ಬೀಡಿಯಾಗಿತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು. ಮಗ್ಗ ನಿಂತು ಕರೆಂಟು ಏರಿದ್ದ ದಿನ ಅದನ್ನೇ ಇನ್ನೂರಾ ಮೂವತ್ತೆಂದು ಮುಳ್ಳಿಗೆ ಕಲಿಸಿದ್ದರು. ನಗು ಬಂತು, ನಕ್ಕೆ.

ಎರಡು ಮೀಟರು ಒಂದೇ ಕರೆಂಟಿಗೆ ಹಚ್ಚಿ, ಎರಡೂ ಮುಳ್ಳು ನೋಡುತ್ತ ಸ್ಕ್ರೂ ತಿರುವುವುದು ಒಬ್ಬರಿಂದ ಆಗುವ ಕೆಲಸವಲ್ಲ. ನನಗೆ ಅಕ್ಷರ ಅಷ್ಟಕ್ಕಷ್ಟೇ. ಅಂಕಿ ಮಾತ್ರ ನೂಲಿನ ಗಂಟಿನ ಮೇಲಿನ ನಂಬರು ಓದಿ ಕಲಿತಿದ್ದೆ. ಅಂಗಡಿಯವನ ಮೀಟರಿನ ಮುಂದೆ ನನ್ನನ್ನು ಕೂರಿಸಿದರು.

"ನೂರಾ ತೊಂಬತ್ತು... ಎಂಬತ್ತೈದು... ಮತ್ತ ತೊಂಬತ್ತು!"

"ಒಂದ ಅಂಕಿ ಹೇಳಲೇ!"

"ಅದು ನಿಂತ್ರ ನಾ ಹೇಳ್ತೇನ್ರಿ. ಓಣ್ಯಾಗಿನ ಮಗ್ಗ ನಿಂದರಸ್ರಿ ಹೋಗಿ!"

ಕಡೆಗೆ ಒಂದು ನೊಗದ ಎತ್ತುಗಳಂತೆ ಎರಡೂ ಮುಳ್ಳು ಜೊತೆಗೇ ಏರಿ ಜೊತೆಗೇ ಇಳಿದವು. ಹೀಗೇ ಆರೂ ಮುಗಿಯುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು. ಮರುದಿನ ಅಂಗಡಿಯವ ಒಂದೊಂದನ್ನೂ ಎರಡೆರಡು ಸಲ ನೋಡಿ, ಇನ್ನೊಂದು ಚೀಲ ಕೆಟ್ಟ ಮೀಟರು ತುಂಬಿ ಕಳಿಸಿದ. ಮಗ್ಗಕ್ಕೆ ಹೋಗುವುದು ತಪ್ಪಿತು.

ಮುಂದಿನ ಖಂಡೇಪೂಜೆಗೆ ನಾನು ಹೇಳುವ ಮೊದಲೇ ಸ್ಕ್ರೂಡ್ರೈವರನ್ನು ತಾವೇ ತಂದು ದೇವರ ಜಗಲಿಯ ಮೇಲಿಟ್ಟು ಕೈ ಮುಗಿದರು.

"ಯಾಕ್ರಿ, ಕರೆಂಟಿಗೂ ಪಂಚಾಂಗ ಬಂತೇನು?"

"ಸುಮ್ನ ಹೋಳಿಗಿ ನೀಡ" ಎಂದರು.