ಬಣ್ಣದ ನೀರಿಗೆ ಅಣಬೆ ಬಿಟ್ಟ ಹುಡುಗಿ

ಅವಳ ಜಡೆಯಲ್ಲಿ ಹೂವಿಗಿಂತ ಭತ್ತದ ಹುಲ್ಲೇ ಹೆಚ್ಚು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಆ ಹುಡುಗಿ ಮೆಟ್ಟಿಲಿಳಿದು ಬಂದರೆ ನಾನು ಮೊದಲು ತಲೆಯಿಂದ ಹುಲ್ಲಿನ ಎಳೆ ಕಿತ್ತು, ಆಮೇಲೆ ಕಾಫಿ ಕೊಡುತ್ತಿದ್ದೆ. "ಎಮ್ಮೆ ಬೆನ್ನತ್ತಿ ಬಂದಾತು ಕಣಮ್ಮಿ" ಎಂದರೆ, "ಬರಲಿ ಬಿಡ್ರಿ ಆಯಿ, ಹಾಲರ ಸಿಗತೈತಿ" ಎಂದು ನಗುತ್ತಿದ್ದಳು. ವಿಜಯಪುರದ ಕಡೆಯವಳು.

ಬೊಮ್ಮಸಂದ್ರದಲ್ಲಿ ಬಟ್ಟೆಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನ ಮಗನಿಗೆ ಕೆಲಸ. ಅಲ್ಲಿಯ ಕೊಳೆ ನೀರಿನ ಉಸ್ತುವಾರಿ ಇವಳದು. ಸುಣ್ಣ, ಪಟಿಕ ಏನು ಹಾಕಿದರೂ ಆ ನೀರಿನ ನೀಲಿ ಹೋಗುತ್ತಿರಲಿಲ್ಲ. ಹೀಗೇ ಮೋರಿಗೆ ಬಿಟ್ಟರೆ ಬೀಗ ಹಾಕುತ್ತೇವೆ ಎಂದು ಸರ್ಕಾರದವರು ಎಚ್ಚರಿಸಿ ಹೋದರು. ಬೀಗ ಬಿದ್ದರೆ ಮಗ ಕೆಲಸ ಹುಡುಕಿಕೊಂಡು ತಮಿಳುನಾಡಿನ ಕಡೆ ಹೋಗಬೇಕು. ಸೊಸೆ ಬಸುರಿ. ಮಗು ಹುಟ್ಟುವಾಗ ಅಪ್ಪನೇ ಇರುವುದಿಲ್ಲವಲ್ಲ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ.

ಈ ಹುಡುಗಿ, "ಅಣಬಿ ಬಿಟ್ಟು ನೋಡೂಣು" ಎಂದಳು. ನನಗೆ ಗೊತ್ತಿದ್ದದ್ದು ಅಣಬೆ ಸಾರು ಮಾತ್ರ.

"ಅಣಬಿಗೆ ಬಾಯಿ ಇಲ್ಲ ಆಯಿ. ಮೊದಲ ಹೊರಗ ಉಗುಳತೈತಿ, ಕರಗಿದ್ದನ್ನ ಹೀರತೈತಿ. ಆ ಉಗುಳಿನಾಗ ಕಿಣ್ವ ಅಂತ ಇರತೈತಿ. ಕಟ್ಟಿಗೀನ ಕರಗಸೂದು, ಬಣ್ಣಾನ ಸುಮ್ನ ಬಿಡತೈತೇನು?"

"ಅಯ್ಯೋ, ಎಂಜ್ಲಲ್ಲಿ ಯಾರಾದ್ರೂ ನೀರು ತೊಳೀತಾರಾ?" ಒಂದು ಲೋಟಕ್ಕೆ ಇಬ್ಬರು ಬಾಯಿ ಹಚ್ಚಲು ಬಿಡದವಳು ನಾನು.

"ನೀವು ಹಂಡೆ ಕೊಡ್ರಿ, ಎಂಜಲಾ ಅದು ಮಾಡಲಿ."

ಅಣಬೆ ಬೆಳೆಯುವುದು ಬೇಯಿಸಿದ ಭತ್ತದ ಹುಲ್ಲಿನ ಮೇಲಂತೆ. ಅವಳ ಪುಟ್ಟ ಪಾತ್ರೆಯಲ್ಲಿ ಅರೆಬೆಂದ ಹುಲ್ಲಿಗೆ ಹಸಿರು ಬೂಷ್ಟು ಹಿಡಿದು ಕೆಟ್ಟುಹೋಗಿತ್ತು. ಸರಿ, ಹಿತ್ತಲಿನ ಒಲೆ ಮೇಲೆ ಸ್ನಾನದ ಹಂಡೆಯಲ್ಲೇ ಹುಲ್ಲು ಬೇಯಿಸಿದೆವು. "ನಂಗೆ ತಣ್ಣೀರು, ಹುಲ್ಲಿಗೆ ಎಣ್ಣೆನೀರಾ ಅವ್ವಾ?" ಎಂದು ಮಗ ಗೊಣಗಿದ. ಆರಿದ ಹುಲ್ಲಿಗೆ ಅಣಬೆ ಬೀಜ ಬೆರೆಸಿ ಚೀಲಗಳಿಗೆ ತುಂಬಿದಳು. ಬರಬರುತ್ತಾ ಹುಲ್ಲು ಹತ್ತಿಯಂತೆ ಬೆಳ್ಳಗಾಯಿತು. ಅದನ್ನು ಬಲೆಯಲ್ಲಿ ಕಟ್ಟಿ ಕಾರ್ಖಾನೆಯ ತೊಟ್ಟಿಗೆ ಇಳಿಸಿದಳು.

ಫಲ ನೋಡುವ ದಿನ ಊಟದ ಡಬ್ಬಿಯ ನೆಪ ಮಾಡಿ ನಾನೂ ಹೋದೆ. ಅವಳು ಬಾಟಲಿಯಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದಳು. ನೀಲಿ ಮಾಯ! ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ.

"ಇನ್ನೂ ಹಳದಿ ಇದ್ಯಲ್ಲಮ್ಮ?" ಎಂದರು ಮಾಲೀಕರು.

"ಅದು ಹುಲ್ಲಿನ ಬಣ್ಣ ಸರ್, ನಿಮ್ಮದಲ್ಲ." ಬರೀ ನೀರಿನಲ್ಲಿ ಹುಲ್ಲು ನೆನೆಸಿದ್ದ ಇನ್ನೊಂದು ಬಾಟಲಿಯನ್ನು ಪಕ್ಕದಲ್ಲಿಟ್ಟಳು. ಅದೇ ಹಳದಿ.

ಮಾಲೀಕರು ಪೇಡ ತರಿಸಿದರು. ಪೇಡ ಎಂದರೆ ಪ್ರಾಣ ಬಿಡುವ ಹುಡುಗಿ ಕೈ ಚಾಚಲಿಲ್ಲ. "ಬಣ್ಣ ಹೋದ್ರ ವಿಷ ಹೋತು ಅಂತಲ್ರಿ. ಪರೀಕ್ಷೆಗೆ ಕಳಿಸೂಣು."

"ಸುಮ್ನಿರಬಾರ್ದೇನಮ್ಮ, ಬಣ್ಣ ಹೋಯ್ತಲ್ಲ!" ಎಂದು ಮಗ ರೇಗಿದ. ಅವಳು ಜಗ್ಗಲಿಲ್ಲ. ಫಲಿತಾಂಶ ಬರುವ ತನಕ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ, ಅವಳಿಗೂ ಇಲ್ಲ. ನೀರು ಪಾಸಾಯಿತು. ಬೀಗ ಬೀಳಲಿಲ್ಲ. ಅವತ್ತು ಒಂದು ಡಬ್ಬಿ ಪೇಡವನ್ನು ಅವಳೊಬ್ಬಳೇ ಮುಗಿಸಿದಳು!

ಈಗ ಪೀಣ್ಯದ ಕಾರ್ಖಾನೆಯವರು ಅವಳನ್ನು ಕರೆಸಿಕೊಂಡಿದ್ದಾರೆ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಆಸ್ಪತ್ರೆಯಲ್ಲಿ ನರ್ಸಮ್ಮ ಮಗುವನ್ನು ಮೊದಲು ಕೊಟ್ಟದ್ದು ಅದರ ಅಪ್ಪನ ಕೈಗೆ. ಸಂಜೆ ಗೇಟಿನ ಹತ್ತಿರ ಅವನ ಗಾಡಿ ಸದ್ದಾದರೆ ಸಾಕು, ನನ್ನ ಮಡಿಲಲ್ಲಿ ಪುಟ್ಟಿ ಕೈಕಾಲು ಬಡಿಯುತ್ತಾಳೆ. ದಿನಾ ಆ ಹೊತ್ತಿಗೆ ನಾನು ಆ ಹುಡುಗಿಯನ್ನು ಹರಸುತ್ತೇನೆ.