ಮರಗಸಿ ಲಚ್ಚಣ್ಣ ಗುಡ್ಡ ಇಳಿದದ್ದು

ಲಚ್ಚಣ್ಣ ಮನುಷ್ಯರ ಮುಖ ನೋಡುವ ಮೊದಲು ಅವರ ತಲೆಯ ಮೇಲೆ ಏನಿದೆ ಅಂತ ನೋಡುತ್ತಿದ್ದರು. ಬಾಳೂರಿನ ನನ್ನ ಜೆರಾಕ್ಸ್ ಅಂಗಡಿಗೆ ಮೊದಲ ಸಲ ಬಂದಾಗ ಕೈಯಲ್ಲಿದ್ದ ಆಧಾರ್ ಕಾರ್ಡ್ ಕೊಡುವುದು ಬಿಟ್ಟು, ಬಾಗಿಲಲ್ಲೇ ನಿಂತು ಕತ್ತೆತ್ತಿ, "ಆ ಹಲಸಿನ ಕೊಂಬೆ ನಿಮ್ಮ ಶೀಟಿನ ಮೇಲೆ ಬರ್ತದೆ. ಈ ಮಳೆಗಲ್ಲ, ಮುಂದಿನ ಮಳೆಗೆ" ಅಂದರು. ನಾನು, "ಮೊದ್ಲು ಕಾರ್ಡ್ ಕೊಡಿ ಮಾರಾಯ್ರೆ" ಅಂದೆ. ಮುಂದಿನ ಮಳೆಗೆ ಕೊಂಬೆ ಬಂತು, ಶೀಟು ಒಡೆಯಿತು. ಮಾರನೇ ದಿನ ಅವರೇ ಬಂದು ಉಳಿದದ್ದನ್ನೂ ಕಡಿದು ಹಾಕಿ, ಕಾಫಿ ಕುಡಿದು ಹೋದರು. "ನಾನು ಹೇಳಿರ್ಲಿಲ್ವಾ" ಅಂತ ಒಂದು ಮಾತೂ ಆಡಲಿಲ್ಲ. ಹಾಗೆ ಅನ್ನದೇ ಇರುವ ಗಂಡಸರನ್ನು ನಾನು ಕಂಡದ್ದು ಕಡಿಮೆ.

ಕಾಫಿ ಗಿಡಕ್ಕೆ ನೆರಳೂ ಬೇಕು, ಬೆಳಕೂ ಬೇಕು. ಮಳೆ ಹಿಡಿಯುವ ಮೊದಲು ತೋಟದ ದೊಡ್ಡ ಮರಗಳನ್ನು ಹತ್ತಿ, ಹೆಚ್ಚಾದ ಕೊಂಬೆ ಕಡಿದು, ಕೆಳಗಿನ ಗಿಡಕ್ಕೆ ಬೆಳಕು ಬಿಡಿಸುವ ಕೆಲಸಕ್ಕೆ ಮರಗಸಿ ಅನ್ನುತ್ತಾರೆ. ಸೊಂಟಕ್ಕೆ ಹಗ್ಗ, ಬೆನ್ನ ಹಿಂದೆ ಕತ್ತಿ, ಬರಿಗಾಲು. ನಮ್ಮ ಸುತ್ತಮುತ್ತಿನ ಎಸ್ಟೇಟುಗಳಲ್ಲಿ ಲಚ್ಚಣ್ಣ ಮತ್ತು ಅವರ ಜೋಡಿ ಪೂವಪ್ಪ ಹತ್ತದ ಮರ ಇರಲಿಲ್ಲ. ಪೂವಪ್ಪನದು ಬಾಯಿ ಜೋರು. ಸಂಜೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ತಾನು ಹತ್ತಿದ ಮರಗಳನ್ನು ದಿನಕ್ಕೊಂದಿಷ್ಟು ಎತ್ತರ ಬೆಳೆಸುತ್ತಿದ್ದ. ಲಚ್ಚಣ್ಣ ಎಲ್ಲವನ್ನೂ ಕೇಳಿ ಕೊನೆಗೆ ಇಷ್ಟೇ ಹೇಳುತ್ತಿದ್ದರು: "ಹತ್ತಿದ್ದು ಲೆಕ್ಕ ಅಲ್ಲ ಮಾರಾಯ. ಇಳಿದದ್ದು ಲೆಕ್ಕ."

ಅವರ ಕೆಲಸಕ್ಕೆ ಕಟ್ಟುಪಾಡುಗಳಿದ್ದವು. ಮರದ ಮೇಲಿರುವವನನ್ನು ಕೆಳಗಿನಿಂದ ಯಾರೂ ಕೂಗಿ ಕರೆಯಬಾರದು. ಕರೆದರೆ ಕಣ್ಣು ಕೆಳಗೆ ಬರುತ್ತದೆ, ಕಣ್ಣಿನ ಹಿಂದೆ ಕಾಲು ಬರುತ್ತದೆ ಅನ್ನುತ್ತಿದ್ದರು. ಕೆಲಸ ಮುಗಿಸಿ ನೆಲ ಮುಟ್ಟಿದವನು ತಾನೇ ಒಂದು ಕೂ ಹಾಕಬೇಕು. ಆ ಕೂ ಎಸ್ಟೇಟಿನ ಕೆಲಸದವರ ಲೈನ್ ಮನೆಗಳವರೆಗೆ ಕೇಳುತ್ತಿತ್ತು. ಅದು ಕೇಳಿದ ಮೇಲೇ ಲಚ್ಚಣ್ಣನ ಹೆಂಡತಿ ಸುಶೀಲಕ್ಕ ಬಚ್ಚಲ ಹಂಡೆಗೆ ಬೆಂಕಿ ಹಾಕುವುದು. "ಇಳಿದ್ರು" ಅಂತ ತಮಗೆ ತಾವೇ ಹೇಳಿಕೊಂಡು, ನನ್ನ ಜೊತೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದರು.

ಒಂದು ದಿನ ಆ ಕೂ ಬರಲಿಲ್ಲ. ಅವರ ಒಬ್ಬಳೇ ಮಗಳು ಪೂರ್ಣಿ ಆಗ ಇನ್ನೂ ಹೈಸ್ಕೂಲು ಮುಟ್ಟಿರಲಿಲ್ಲ. ಶಾಲೆಯ ಓಟದಲ್ಲಿ ಗೆದ್ದ ಸ್ಟೀಲ್ ಬಟ್ಟಲು ಹಿಡಿದುಕೊಂಡು, ಮನೆಗೂ ಹೋಗದೆ, ಅಪ್ಪನಿಗೆ ತೋರಿಸಲು ನೇರ ತೋಟಕ್ಕೆ ಓಡಿದ್ದಳು. ಲಚ್ಚಣ್ಣ ಸಿಲ್ವರ್ ಮರದಿಂದ ಇಳಿಯುತ್ತಿದ್ದರು. ಅವಳು "ಅಪ್ಪಾ" ಅಂತ ಕೂಗಿದಳು. ಅವರು ಕೆಳಗೆ ನೋಡಿದರು. ಬಿದ್ದರು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ.

ಯಾರೂ ಆ ಹುಡುಗಿಯನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೋ ಏನೋ. "ಪಾಪ, ಕೂಸು, ಗೊತ್ತಿಲ್ದೆ ಕರೀತು" ಅಂತ ಊರೆಲ್ಲ ಸೇರಿ ಕ್ಷಮಿಸಿತು. ಕ್ಷಮಿಸಿದ್ದರಿಂದಲೇ ತಪ್ಪು ಅವಳದ್ದು ಅಂತ ಗಟ್ಟಿಯಾಗಿಬಿಟ್ಟಿತು. ನನಗೆ ಈಗಲೂ ಆ ಕ್ಷಮೆ ನೆನೆದರೆ ಸಿಟ್ಟು ಬರುತ್ತದೆ. ಅಂದಿನಿಂದ ಪೂರ್ಣಿ ಲಚ್ಚಣ್ಣನನ್ನು ಕರೆಯುವುದನ್ನೇ ಬಿಟ್ಟಳು. ಏನಾದರೂ ಹೇಳಬೇಕಾದರೆ ಹತ್ತಿರ ಹೋಗಿ ಮಂಚದ ಪಟ್ಟಿ ಮುಟ್ಟುವಳು, ಅವರು ಈಚೆ ತಿರುಗಿದ ಮೇಲೆ ಮೆಲ್ಲಗೆ ಹೇಳುವಳು. "ಅಪ್ಪ" ಅನ್ನುವ ಮಾತು ಅವಳ ಬಾಯಿಂದ ಹೋಯಿತು.

ಲಚ್ಚಣ್ಣ ಒಮ್ಮೆ ನನ್ನ ಹತ್ತಿರ ಹೇಳಿದ್ದರು: "ಕಾಲು ಹೋದದ್ದಕ್ಕೆ ಈಗ ಅಳು ಬರಲ್ಲ ಗೀತಾ. ಈ ಹುಡುಗಿ ಒಂದ್ಸಲ ಅಂಗಳದಿಂದ ಕರೀತಾಳೇನೋ ಅಂತ ಕಿವಿ ಕೊಟ್ಟು ಮಲಗಿರ್ತೀನಿ ನೋಡು, ಅದು ಕಷ್ಟ."

ಪೂರ್ಣಿ ಕಾಲೇಜಿಗೆ ಸೇರಿದಾಗ ಎಸ್ಟೇಟಿನ ಅಮ್ಮಾವ್ರು ತಮ್ಮ ಮಗ ಬಿಟ್ಟಿದ್ದ ಹಳೆಯ ಕಂಪ್ಯೂಟರನ್ನು ಅವಳ ಓದಿಗೆ ಅಂತ ಕಳಿಸಿಕೊಟ್ಟರು. ಜೋಡಿಸಿಕೊಟ್ಟವಳು ನಾನು. ಅದರಲ್ಲಿ ಓದಿಗೆ ಬೇಕಾದದ್ದು ಒಂದೂ ಇರಲಿಲ್ಲ, ಒಂದು ದೊಡ್ಡ ಗೇಮ್ ಇತ್ತು. ಒಬ್ಬ ಹುಡುಗ ಕಾಡು ದಾಟಿ, ಬಂಡೆ ಹತ್ತಿ, ಕಳ್ಳರ ಜೊತೆ ಹೊಡೆದಾಡಿ, ಗುಡ್ಡದ ತುದಿಯ ಪಾಳು ಗುಡಿಗಳಲ್ಲಿ ಕಳೆದುಹೋದ ಗಂಟೆಗಳನ್ನು ಹುಡುಕಬೇಕು. ಸರಿಯಿದೆಯೋ ಇಲ್ಲವೋ ನೋಡೋಣ ಅಂತ ನಾನು ಅದನ್ನು ಸ್ವಲ್ಪ ಆಡಿಸಿದೆ. ಹಿಂದಿನಿಂದ ಮಂಚದ ಮೇಲಿನ ದನಿ ಬಂತು.

"ಯಾರು ಇವನಿಗೆ ಕೆಲಸ ಕೊಟ್ಟದ್ದು? ಒಣ ಕೊಂಬೆಗೆ ಕೈ ಹಾಕ್ತಾನಲ್ಲ."

"ಗೇಮು ಲಚ್ಚಣ್ಣ. ಅದ್ರಲ್ಲಿ ಒಣಗಿದ್ದು ಹಸೀದು ಅಂತ ಇಲ್ಲ."

"ಇಲ್ದೆ ಎಂತ? ಬಣ್ಣ ನೋಡು. ಕೊಡು ಇಲ್ಲಿ."

ಅವತ್ತಿನಿಂದ ಆ ಹುಡುಗನಿಗೆ 'ಹೊಸಬ' ಅಂತ ಹೆಸರಾಯಿತು. ಲಚ್ಚಣ್ಣನ ಕಾಲು ಹೋಗಿತ್ತು, ಕೈ ಹೋಗಿರಲಿಲ್ಲ. ದಿಂಬಿಗೆ ಒರಗಿ, ಜಾಯ್‌ಸ್ಟಿಕ್ಕನ್ನು ಎದೆಯ ಮೇಲಿಟ್ಟುಕೊಂಡು, ಹೊಸಬನಿಗೆ ಮೇಸ್ತ್ರಿಯಾದರು. ಕಳ್ಳರ ಜೊತೆ ಹೊಡೆದಾಡುವುದು ಅವರಿಗೆ ಬೇಕಿರಲಿಲ್ಲ. "ಅವರ ಪಾಡಿಗೆ ಅವರಿರ್ಲಿ" ಅಂತ ಮರೆಯಲ್ಲಿ ನುಸುಳಿಸಿ ಮುಂದೆ ಹೋಗುವರು. ಹತ್ತುವುದು ಮಾತ್ರ ನೋಡಬೇಕಿತ್ತು. ಒಂದೊಂದು ಹಿಡಿತಕ್ಕೂ ನಿಂತು, ಮುಂದಿನದನ್ನು ನೋಡಿ, ಆಮೇಲೆ ಕೈ ನೀಡಿಸುವರು. ಸುಶೀಲಕ್ಕ ಒಲೆಯ ಮುಂದಿನಿಂದ, "ಅವನಿಗೆ ಊಟ ಗೀಟ ಇಲ್ವಾ, ಬೆಳಗಿಂದ ಹತ್ತಿಸ್ತಿದ್ದೀರಲ್ಲ" ಅನ್ನುತ್ತಿದ್ದರು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಗಂಟೆ ಸಿಕ್ಕಿದ ಕೂಡಲೇ ಗೇಮಿನವರು ಹೊಸಬನನ್ನು ಮುಂದಿನ ಊರಿಗೆ ಕಳಿಸಿಕೊಡುತ್ತಾರೆ. ಎಲ್ಲರೂ ಹಾಗೇ ಆಡುವುದು. ಲಚ್ಚಣ್ಣ ಒಪ್ಪಲಿಲ್ಲ. ತುದಿಯವರೆಗೆ ಹೋಗಿ, ಗಂಟೆ ಮುಟ್ಟದೆ, ಬಂದ ದಾರಿಯಲ್ಲೇ ಅವನನ್ನು ಇಳಿಸಲು ಹೊರಡುತ್ತಿದ್ದರು. ಅಲ್ಲೇ ತೊಂದರೆ ಶುರುವಾದದ್ದು. ಹತ್ತುವಾಗ ನುಣ್ಣಗೆ ಹೋಗುತ್ತಿದ್ದ ಹೊಸಬ ಇಳಿಯುವಾಗ ತಡವರಿಸುತ್ತಿದ್ದ. ಕೆಳಗೆ ನೋಡಿದರೆ ಸಾಕು, ಚಿತ್ರ ಗಕ್ಕನೆ ನಿಲ್ಲುವುದು, ಮತ್ತೆ ಹಾರುವುದು. ಇವರು ಒತ್ತಿದ ಹೊತ್ತಿಗೆ ಅವನ ಕೈ ಮುಂದೆ ಹೋಗುತ್ತಿರಲಿಲ್ಲ. ಪ್ರತಿ ಸಲವೂ ಬೀಳುತ್ತಿದ್ದ. ಒಂದು ಸಂಜೆ ಹಾಗೆ ಬಿದ್ದಾಗ ನೀರು ತಂದ ಪೂರ್ಣಿ ಮಂಚದ ಹತ್ತಿರ ನಿಂತಿದ್ದಳು. ಲೋಟ ಇಟ್ಟು ಹೊರಗೆ ಹೋದಳು. ಲಚ್ಚಣ್ಣ ಅವಳು ಹೋದ ಬಾಗಿಲನ್ನೇ ನೋಡಿದರು.

"ಗೀತಾ, ಇವನು ಕೆಳಗೆ ನೋಡಿದಾಗ ಮಾತ್ರ ಯಾಕೆ ಬೀಳ್ತಾನೆ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ನಮಗೆ ಕಾಣುವುದನ್ನೆಲ್ಲ ಒಳಗೆ ಗ್ರಾಫಿಕ್ಸ್ ಕಾರ್ಡ್ ಅನ್ನುವುದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮತ್ತೆ ಮತ್ತೆ ಬರೆದು ತೋರಿಸುತ್ತಿರಬೇಕು. ಮೇಲೆ ನೋಡಿದರೆ ಬಂಡೆ, ಆಕಾಶ, ಬರೆಯಲು ಹೆಚ್ಚಿಲ್ಲ. ಕೆಳಗೆ ನೋಡಿದರೆ ಇಡೀ ಕಾಡು, ಒಂದೊಂದು ಎಲೆ, ಎಲೆಯ ನೆರಳು. ಈ ಹಳೆಯ ಕಾರ್ಡಿಗೆ ಅಷ್ಟು ಬರೆಯಲು ಆಗುವುದಿಲ್ಲ, ನಿಂತುಬಿಡುತ್ತದೆ.

"ಅಂದ್ರೆ ಆಳು ಸಾಲಲ್ಲ ಅನ್ನು. ಅವನ ತಪ್ಪಲ್ಲ."

"ಅವನ ತಪ್ಪಲ್ಲ."

"ನೋಡಿದ್ದರಿಂದಲೂ ಅಲ್ಲ."

"ಅಲ್ಲ. ಕಾರ್ಡ್ ಸಾಲದ್ದರಿಂದ."

ನಾನು ಸೆಟ್ಟಿಂಗ್ಸಿಗೆ ಹೋಗಿ ಎಲೆ, ನೆರಳು ಎಲ್ಲ ಕಡಿಮೆ ಮಾಡಿ ಕೊಟ್ಟೆ. ಹೊಸಬ ಸಲೀಸಾಗಿ ಇಳಿದ. ಆದರೆ ಕಾಡು ಬೋಳಾಗಿತ್ತು. ಲಚ್ಚಣ್ಣ ಮುಖ ಸಿಂಡರಿಸಿಕೊಂಡು, "ಇದೆಂಥ ಮರಗಸಿ ಮಾಡಿದ್ದೀ ಮಾರಾಯ್ತಿ, ಇದ್ರಡಿ ಕಾಫಿ ಬೆಳೀತದಾ? ಎಲೆ ಎಲ್ಲ ಹಾಕು. ಎಲೆ ಇದ್ದೇ ಇಳೀಬೇಕು, ಇಲ್ದಿದ್ರೆ ಅವಳು ನಂಬಲ್ಲ" ಅಂದರು. ಅವರು ಯಾರಿಗಾಗಿ ಹೊಸಬನನ್ನು ಇಳಿಸುತ್ತಿದ್ದಾರೆ ಅಂತ ನನಗೆ ಆಗ ತಿಳಿಯಿತು.

ಬೇರೆ ಕಾರ್ಡೇ ಹಾಕೋಣ ಅಂತ ಮೊದಲು ತಂದದ್ದು ದಂಡವಾಯಿತು. ಚಿಕ್ಕಮಗಳೂರಿನ ಅಂಗಡಿಯವ ಡಬ್ಬದ ಮೇಲಿನ ದೊಡ್ಡ ನಂಬರ್ ತೋರಿಸಿ, "ಮೆಮೊರಿ ನೋಡಿ ಮೇಡಂ, ಮೆಮೊರಿ" ಅಂತ ನನ್ನ ತಲೆ ಸವರಿದ್ದ. ಹಾಕಿದರೆ ಕೆಂಪು ದೀಪ ಚಂದ ಹತ್ತಿತು, ಹೊಸಬ ಮಾತ್ರ ಅದೇ ಜಾಗದಲ್ಲಿ ಅದೇ ರೀತಿ ಬಿದ್ದ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಆ ಮೆಮೊರಿ ಬರೀ ಇಟ್ಟುಕೊಳ್ಳುವ ಜಾಗ, ಬರೆಯುವ ಶಕ್ತಿ ಬೇರೆಯೇ, ಅದು ಆ ಕಾರ್ಡಿನಲ್ಲಿ ಇರಲಿಲ್ಲ. "ಕಣ ದೊಡ್ಡದು, ಕುಯ್ಯೋರು ಇಬ್ಬರೇ" ಅಂದರು ಲಚ್ಚಣ್ಣ. ಅಂಗಡಿಯವನಿಗೆ ನಾನು ಫೋನಿನಲ್ಲಿ ಹಾಕಿದ ಮಂಗಳಾರತಿ ಇಲ್ಲಿ ಬರೆಯುವಂಥದ್ದಲ್ಲ.

ಎರಡನೆಯದು ಮೂಡಿಗೆರೆಯ ಒಂದು ಸ್ಟುಡಿಯೊದಲ್ಲಿ ಸಿಕ್ಕಿತು. ಮದುವೆ ವಿಡಿಯೊ ಎಡಿಟ್ ಮಾಡುವವರು ಹೊಸದು ಹಾಕಿಸಿಕೊಂಡು ತೆಗೆದಿಟ್ಟಿದ್ದ ಹಳೆಯ ಕಾರ್ಡ್. ಇಟ್ಟಿಗೆಯಷ್ಟು ಭಾರ, ದೀಪ ಗೀಪ ಏನಿಲ್ಲ, ಡಬ್ಬವೂ ಇಲ್ಲ. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ ಅಂತ ಪಕ್ಕದ ತಗಡನ್ನು ಬಿಚ್ಚಿ ಇಟ್ಟೆವು. ಅದು ಕರೆಂಟನ್ನೂ ಹೆಚ್ಚು ಕುಡಿಯುತ್ತಿತ್ತು, ಒಳಗಿನ ಪವರ್ ಸಪ್ಲೈಯನ್ನೂ ಬದಲಿಸಬೇಕಾಯಿತು. ಕುಯ್ಲಿನ ಕಾಲ ಬೇರೆ. ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿದರೆ ಲೈನ್ ಮನೆಗಳ ಬಲ್ಬು ಮಿಣುಕು ಹುಳದ ಹಾಗಾಗುತ್ತಿತ್ತು. ಪಲ್ಪರ್ ನಿಂತ ದಿನ ನೋಡಿ ಆಡೋಣ ಅಂದೆ. ಅದು ಭಾನುವಾರವಾಯಿತು. ಕಾಲೇಜು ಮುಗಿಸಿ ಹೊರನಾಡಿನ ಲಾಡ್ಜೊಂದರಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಪೂರ್ಣಿಯೂ ಮನೆಗೆ ಬಂದಿದ್ದಳು.

ಲಚ್ಚಣ್ಣ ಹೊಸಬನನ್ನು ತುದಿಗೆ ಹತ್ತಿಸಿ ನಿಲ್ಲಿಸಿದರು. ಕೆಳಗೆ ನೋಡಿದರು. ಕಾಡಿಡೀ ಎಲೆ ಎಲೆಯಾಗಿ ಅಲುಗಾಡುತ್ತಿತ್ತು, ಚಿತ್ರ ನಿಲ್ಲಲಿಲ್ಲ. ಅವರು ಮಗಳನ್ನು ಹತ್ತಿರ ಕರೆದರು.

"ಮಗಾ, ಅಂಗಳಕ್ಕೆ ಹೋಗು. ಇವನು ಅರ್ಧ ಇಳಿದಾಗ ಗೀತಾ ಕೈ ತೋರಿಸ್ತಾಳೆ. ಆಗ ನನ್ನ ಕರಿ."

ಅವಳು "ಬೇಡ" ಅಂದಳು.

"ಬಿದ್ರೆ ಹೊಸಬ ಬೀಳ್ತಾನೆ. ನಾನು ಇನ್ನೆಲ್ಲಿಗೆ ಬೀಳ್ಲಿ?"

ಅವಳು ಹೋಗಿ ಅಂಗಳದಲ್ಲಿ ನಿಂತಳು. ಹೊಸಬ ಒಂದೊಂದೇ ಹಿಡಿತ ಹಿಡಿದು ಇಳಿಯತೊಡಗಿದ. ನಾನು ಕೈ ಎತ್ತಿದೆ. ಅವಳ ತುಟಿ ಅಲುಗಿತು, ದನಿ ಬರಲಿಲ್ಲ. "ಕೇಳ್ಲಿಲ್ಲ" ಅಂದರು ಲಚ್ಚಣ್ಣ. ಅವಳು ಚೂಡಿದಾರದ ವೇಲನ್ನು ಎರಡೂ ಕೈಯಲ್ಲಿ ಹಿಂಡಿ ಹಿಡಿದು, ಓಟದಲ್ಲಿ ಗೆದ್ದು ಬಂದ ಆ ಹುಡುಗಿಯ ದನಿಯಲ್ಲೇ, "ಅಪ್ಪಾ" ಅಂತ ಕೂಗಿದಳು.

ಲಚ್ಚಣ್ಣ ಪರದೆಯಿಂದ ಕಣ್ಣು ತೆಗೆದು ಬಾಗಿಲ ಕಡೆ ತಿರುಗಿದರು. ಅವಳನ್ನು ನೋಡಿ "ಹೋಯ್" ಅಂತ ಓಗೊಟ್ಟರು. ಕೈ ತನ್ನ ಕೆಲಸ ಮಾಡುತ್ತಲೇ ಇತ್ತು. ಹೊಸಬ ಬೀಳಲಿಲ್ಲ. ಇಳಿದು, ಇಳಿದು, ಹುಲ್ಲಿನ ಮೇಲೆ ಕಾಲಿಟ್ಟ. ಆಗ ಲಚ್ಚಣ್ಣ ದಿಂಬಿನಿಂದ ತಲೆ ಎತ್ತಿ ಒಂದು ಕೂ ಹಾಕಿದರು. ಅಷ್ಟು ವರ್ಷದ ಮೇಲೆ ಹಾಕಿದ ಕೂ, ಅರ್ಧಕ್ಕೇ ಒಡೆಯಿತು. ಸುಶೀಲಕ್ಕ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಓಡಿಬಂದರು.

ಪೂರ್ಣಿ ಮಂಚದ ಪಕ್ಕ ಕುಕ್ಕರಿಸಿ ಅಳುತ್ತಿದ್ದಳು. ಅವರು ಅವಳ ನೆತ್ತಿಯ ಮೇಲೆ ಕೈ ಇಟ್ಟು ಹೇಳಿದರು: "ಅವತ್ತೆಲ್ಲ ಇವನು ಕಾರ್ಡ್ ಸಾಲದೆ ಬೀಳ್ತಿದ್ದ. ನಾನು ಕೊಂಬೆ ಸಾಲದೆ ಬಿದ್ದೆ, ಕೊಳೆತಿತ್ತು ಅದು. ಕೂಗಿಗೆ ಯಾರೂ ಬೀಳಲ್ಲ ಮಗಾ."

ನಾನು ಹೊರಡುವಾಗ, ಅಮ್ಮ ಮಗಳು ಒಳಗಿದ್ದಾಗ, ತಡೆಯಲಾರದೆ ಕೇಳಿಬಿಟ್ಟೆ. "ಕೊಂಬೆ ನಿಜವಾಗ್ಲೂ ಕೊಳೆತಿತ್ತಾ ಲಚ್ಚಣ್ಣ?"

ಅವರು ಮಾಡಿನ ಹೆಂಚು ನೋಡುತ್ತಾ, "ಸಿಲ್ವರ್ ಮರದ ಕೊಂಬೆ ನಂಬೋ ಹಾಗಿಲ್ಲ ಮಾರಾಯ್ತಿ" ಅಂದರು.

ಮುಂದಿನ ಮಳೆಗಾಲ ಅವರ ಮೈಯನ್ನು ಹಿಂಡಿಬಿಟ್ಟಿತು. ಮಲಗಿದವರಿಗೆ ಬರುವ ಹುಣ್ಣು, ಆಮೇಲೆ ಜ್ವರ, ಆಮೇಲೆ ಕಿಡ್ನಿ. ಚಿಕ್ಕಮಗಳೂರಿನ ಆಸ್ಪತ್ರೆಯಿಂದ ಜೀಪಿನಲ್ಲಿ ತಂದು ಅಂಗಳದಲ್ಲಿ ಮಲಗಿಸಿದಾಗ ಎಷ್ಟು ಹಗುರ ಕಾಣುತ್ತಿದ್ದರು. ಕಣ್ಣು ಮುಚ್ಚಿತ್ತು, ಮೇಲೆ ನೋಡದ ಲಚ್ಚಣ್ಣನನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಒಳಗೆ ಹೋಗಿ ಬಾಗಿಲ ಹತ್ತಿರ ಸುಶೀಲಕ್ಕನ ಪಕ್ಕ ಕೂತೆ.

ಸುಡುವ ಜಾಗ ಕೆಳಗೆ, ಹಳ್ಳದ ದಂಡೆಯಲ್ಲಿ. ಅಂಗಳ ದಾಟಿದರೆ ಕಡಿದಾದ ಜಾರು ದಾರಿ. ಪೂವಪ್ಪ ಮುಂದೆ ಹೆಗಲು ಕೊಟ್ಟಿದ್ದ. ಅವರು ಅರ್ಧ ದಾರಿ ಇಳಿದಿರಬೇಕು, ಅಂಗಳದ ಅಂಚಿನಲ್ಲಿ ನಿಂತಿದ್ದ ಪೂರ್ಣಿ ಕೆಳಕ್ಕೆ ಕೇಳುವ ಹಾಗೆ, "ಅಪ್ಪಾ" ಅಂತ ಕೂಗಿದಳು. ಯಾರೋ ಹೆಂಗಸು, "ಹೊತ್ತೋರು ಜಾರ್ತಾರೆ, ಕೂಗ್ಬೇಡ" ಅಂದಳು. ಪೂರ್ಣಿ ಇನ್ನೊಮ್ಮೆ ಕೂಗಿದಳು, ಮತ್ತೂ ಗಟ್ಟಿಯಾಗಿ. ಹೊತ್ತವರ ಕಾಲು ಜಾರಲಿಲ್ಲ.

ಸ್ವಲ್ಪ ಹೊತ್ತಿಗೆ ಹಳ್ಳದ ಕಡೆಯಿಂದ ಪೂವಪ್ಪನ ಕೂ ಕೇಳಿಸಿತು.

"ಇಳಿದ್ರು" ಅಂದರು ಸುಶೀಲಕ್ಕ. ಆಮೇಲೆ ಎದ್ದು, ಹಂಡೆಗೆ ಬೆಂಕಿ ಹಾಕಲು ಹೋದರು.