ಸೀಲ್‌ಡೌನಿನ ಹೊರಗುಳಿದ ನಲ್ಲಿ

ಕೊರೋನಾದ ಎರಡನೇ ಅಲೆಯ ಹೊತ್ತಿಗೆ ನಾನು ಸಿದ್ದಾಪುರದ ಹತ್ತಿರದ ಒಂದು ಪಂಚಾಯಿತಿಯ ಸದಸ್ಯೆ. ನನ್ನ ವಾರ್ಡಿನ ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೂಲಿಮನೆಗಳ ಸಾಲಿನಲ್ಲಿ, ಒಬ್ಬನಿಗೆ ಪಾಸಿಟಿವ್ ಬಂತು. ತಾಲ್ಲೂಕಿನಿಂದ ಬಂದವರು ದಾರಿಗೆ ಅಡ್ಡ ಬಿದಿರು ಕಟ್ಟಿ, ಹೋಂಗಾರ್ಡ್ ಒಬ್ಬನನ್ನು ನಿಲ್ಲಿಸಿ ಹೋದರು. ಅಷ್ಟೂ ಮನೆಗಳಿಗೆ ಇದ್ದದ್ದು ರಸ್ತೆಬದಿಯ ಒಂದೇ ನಲ್ಲಿ. ಅದು ಬಿದಿರಿನ ಹೊರಗೆ ಉಳಿಯಿತು.

ನಾನು ಹೋದಾಗ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಅವರಲ್ಲೊಬ್ಬಳು, ಮುದಿ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಸೊಸೆ, ಕೂಗಿದಳು: "ದಾರಿ ಮುಚ್ಚಿದ್ದು ಸರಿ ಅಕ್ಕಾ, ನೀರೂ ಮುಚ್ಬೇಕಾ?"

"ಯಾರನ್ನೂ ಬಿಡ್ಬೇಡ ಅಂದಿದಾರೆ, ನಾನೇನ್ ಮಾಡ್ಲಿ?" ಎಂದ ಹೋಂಗಾರ್ಡ್.

ತಾಲ್ಲೂಕಿನ ಅಧಿಕಾರಿಗೆ ಫೋನ್ ಮಾಡಿದೆ. "ನೋಡೋಣ ಮೇಡಂ, ಮೇಲಿನವರನ್ನ ಕೇಳಿ ಹೇಳ್ತೀನಿ" ಎಂದರು. ಆಮೇಲೆ ಫೋನ್ ಎತ್ತಲಿಲ್ಲ. ನಾನು ಹೋಂಗಾರ್ಡ್ ಜೊತೆ ಜಗಳವಾಡಿ, ಮರುದಿನದಿಂದ ಕ್ಯಾನುಗಳಲ್ಲಿ ನೀರು ತುಂಬಿಸಿ ಬಿದಿರಿನ ಮೇಲಿಂದ ದಾಟಿಸತೊಡಗಿದೆ. ಅವನೂ ಕೈ ಜೋಡಿಸಿದ. ಅಷ್ಟರಲ್ಲಿ ಜನ ತೋಟದೊಳಗೆ ಹರಿಯುವ ತೋಡಿನ ನೀರು ಕುಡಿದಾಗಿತ್ತು.

ಆ ಮುದುಕಿಗೆ ವಾಂತಿ, ಭೇದಿ ಶುರುವಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಸೀಲ್ ಆದ ಜಾಗಕ್ಕೆ ಕೋವಿಡ್ ಗಾಡಿಯೇ ಬರಬೇಕು, ಅದು ಮಡಿಕೇರಿಗೆ ಹೋಗಿದೆ ಎಂದರು. ಊರಿನ ಜೀಪಿನವರು ಯಾರೂ ಒಪ್ಪಲಿಲ್ಲ. ಗಾಡಿ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ದಾರಿಯಲ್ಲೇ ಜೀವ ಹೋಯಿತು. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸರ್ಕಾರದವರೇ ಸುಟ್ಟರು. ಮನೆಯವರಿಗೆ ಮುಖ ಕೂಡ ತೋರಿಸಲಿಲ್ಲ. ರಿಪೋರ್ಟ್ ಆಮೇಲೆ ಬಂತು: ನೆಗೆಟಿವ್.

ಎಲ್ಲ ತಣ್ಣಗಾದ ಮೇಲೆ ತಾಲ್ಲೂಕಿನಲ್ಲಿ ಒಂದು ಸಭೆ ಕರೆದರು. ಮುಂದೆ ಇಂಥದ್ದು ಬಂದರೆ ಏನು ಮಾಡಬೇಕು, ಹೇಳಿ ಎಂದರು.

"ದಾರಿ ಮುಚ್ಚೋಕೆ ಮುಂಚೆ ಒಳಗಿರೋರನ್ನ ಒಂದು ಮಾತು ಕೇಳಿ ಸಾರ್," ಎಂದೆ. "ನೀರು ಎಲ್ಲಿಂದ ತರ್ತೀರಿ, ಹುಷಾರಿಲ್ಲದೋರು ಯಾರಿದ್ದಾರೆ, ಅಷ್ಟು ಸಾಕು. ನಿಂತಿರೋ ಹೋಂಗಾರ್ಡಿಗೂ ಸ್ವಲ್ಪ ಅಧಿಕಾರ ಕೊಡಿ."

"ಒಳ್ಳೇ ಪಾಯಿಂಟು" ಎಂದ ಅಧಿಕಾರಿ ಪಕ್ಕದವರ ಕಡೆ ತಿರುಗಿದರು. ಮಾತು ಸ್ಯಾನಿಟೈಸರ್ ಖರೀದಿಗೆ ಹೋಯಿತು. ಮುದುಕಿಯ ಬಗ್ಗೆ ಯಾರೂ ಕೇಳಲಿಲ್ಲ.

ಮರಳುವಾಗ ಬಸ್ ಸ್ಟ್ಯಾಂಡಿನಲ್ಲಿ ಆ ಸೊಸೆ ಗಂಡನ ಜೊತೆ ಗಂಟುಮೂಟೆ ಇಟ್ಟುಕೊಂಡು ಕೂತಿದ್ದಳು. ಲೈನು ಬಿಟ್ಟು ತಮ್ಮ ಊರಿಗೆ ಹೊರಟಿದ್ದರು.

"ಅತ್ತೆಗೆ ಆ ಕಾಯಿಲೆ ಇರ್ಲಿಲ್ಲ ಅಂದ್ರೆ ಊರಲ್ಲಿ ನಂಬ್ತಾರಾ ಅಕ್ಕಾ?"

ವಿರಾಜಪೇಟೆ ಬಸ್ಸು ಬಂತು. ಮೂಟೆಗಳನ್ನು ಹತ್ತಿಸಲು ಕೈ ಜೋಡಿಸಿದೆ.